ಕೈ ತಡೆದ ಕರೆಯನ್ನೂ ಕೇಳೋಣ

ಬಕ್ರೀದ್ ಹತ್ತಿರ ಬಂದಾಗಲೆಲ್ಲ ನಾವು ಕೇಳುವ ಚರಿತ್ರೆ ಒಂದೇ. ಪ್ರವಾದಿ ಇಬ್ರಾಹೀಮ್(ಅ) ಕನಸು ಕಂಡರು, ಮಗನನ್ನು ಬಲಿ ಕೊಡಲು ಸಿದ್ಧರಾದರು, ಅಲ್ಲಾಹನು ಮಗನನ್ನು ಉಳಿಸಿ ಟಗರನ್ನು ಕೊಟ್ಟನು. ಮದ್ರಸದ ಒಂದನೇ ತರಗತಿಯಿಂದ ಕೇಳಿ ಕೇಳಿ ಇದು ನಮಗೆ ಎಷ್ಟು ಅಭ್ಯಾಸವಾಗಿದೆಯೆಂದರೆ, ಇದರಲ್ಲಿ ಹೆದರುವಂಥದ್ದು ಏನಾದರೂ ಇದೆ ಎಂದು ಅನಿಸುವುದೇ ಇಲ್ಲ. ಕೊನೆ ಹೇಗಾಗುತ್ತದೆ ಎಂದು ಗೊತ್ತಿರುವ ಕಥೆ ಯಾರನ್ನೂ ಹೆದರಿಸುವುದಿಲ್ಲ. ಆದರೆ ಬೆಟ್ಟ ಹತ್ತುತ್ತಿದ್ದ ಆ ತಂದೆಗೆ ಕೊನೆ ಗೊತ್ತಿರಲಿಲ್ಲ.

ಈ ಕಥೆಯನ್ನು ಮೊದಲ ಬಾರಿ ಕೇಳುವವರಿಗೆ ಅದು ಬೇರೆ ರೀತಿ ಕಾಣುತ್ತದೆ. ಬೇರೆ ಧರ್ಮದ ಗೆಳತಿಯೊಬ್ಬಳು ಕಳೆದ ವರ್ಷ ನನ್ನನ್ನು ನೇರವಾಗಿ ಕೇಳಿದ್ದಳು: "ದೇವರು ಹೇಳಿದ ಅಂದ್ರೆ ಸ್ವಂತ ಮಗನನ್ನೂ ಕೊಲ್ಲಬಹುದು ಅಂತ ತಾನೆ ಇದರ ಅರ್ಥ?" ಅವಳ ಮಾತಿನಲ್ಲಿ ತಮಾಷೆ ಇರಲಿಲ್ಲ, ದ್ವೇಷವೂ ಇರಲಿಲ್ಲ. ಇಂಥ ಪ್ರಶ್ನೆಗೆ ಸಿಟ್ಟಾಗುವುದು ಸುಲಭ. ಆದರೆ ಇದು ಸಾವಿರಾರು ವರ್ಷಗಳಿಂದ ಯಹೂದಿಯರು, ಕ್ರೈಸ್ತರು, ಮುಸ್ಲಿಮರು ತಮ್ಮನ್ನು ತಾವೇ ಕೇಳಿಕೊಂಡ ಪ್ರಶ್ನೆ. ಉತ್ತರ ಹುಡುಕುತ್ತ ನಾನು ಈ ಘಟನೆ ಯಹೂದಿಯರ ಗ್ರಂಥದಲ್ಲಿ ಹೇಗಿದೆ ಎಂದು ಓದಿದೆ. ಅದನ್ನೂ, ಅದರಿಂದ ನನಗೆ ಬಂದ ಅಭಿಪ್ರಾಯವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಹೀಬ್ರೂ ಧರ್ಮಗ್ರಂಥದ ಮೊದಲ ಪುಸ್ತಕವಾದ ಆದಿಕಾಂಡದ 22ನೇ ಅಧ್ಯಾಯದಲ್ಲಿ ಈ ಘಟನೆ ಬರುತ್ತದೆ. ಕನ್ನಡ ಬೈಬಲ್‌ನಲ್ಲಿ ಹೆಸರುಗಳು ಅಬ್ರಹಾಮ, ಇಸಾಕ ಎಂದಿವೆ. ನಾನು ನಮ್ಮಲ್ಲಿ ಬಳಕೆಯಲ್ಲಿರುವಂತೆ ಇಬ್ರಾಹೀಮ್, ಇಸ್‌ಹಾಕ್ ಎಂದೇ ಬರೆಯುತ್ತೇನೆ. ಕಥೆ ಇರುವುದು ಕೇವಲ 19 ವಚನಗಳಲ್ಲಿ. ಇದು ಪರೀಕ್ಷೆ ಎಂದು ಮೊದಲ ವಚನದಲ್ಲೇ ಓದುಗರಿಗೆ ಹೇಳಿಬಿಡುತ್ತದೆ, ಆದರೆ ಇಬ್ರಾಹೀಮರಿಗೆ ಹೇಳುವುದಿಲ್ಲ. ಅವರು ಬೆಳಿಗ್ಗೆ ಬೇಗ ಎದ್ದು ಕತ್ತೆಗೆ ಜೀನು ಬಿಗಿಯುತ್ತಾರೆ, ಸೌದೆ ಒಡೆಯುತ್ತಾರೆ, ಇಬ್ಬರು ಆಳುಗಳನ್ನೂ ಮಗನನ್ನೂ ಕರೆದುಕೊಂಡು ಮೊರೀಯ ಎಂಬ ಪ್ರದೇಶಕ್ಕೆ ಹೊರಡುತ್ತಾರೆ. ಮೂರನೆಯ ದಿನ ಆ ಜಾಗ ದೂರದಿಂದ ಕಾಣುತ್ತದೆ. ಈ ಮೂರು ದಿನ ದಾರಿಯಲ್ಲಿ ತಂದೆ ಏನು ಯೋಚಿಸಿದರು, ಮಗನೊಡನೆ ಏನು ಮಾತನಾಡಿದರು ಎಂಬುದರ ಬಗ್ಗೆ ಒಂದು ಮಾತೂ ಇಲ್ಲ.

ಆಳುಗಳನ್ನು ಕೆಳಗೆ ನಿಲ್ಲಿಸಿ ತಂದೆ ಮಗ ಇಬ್ಬರೇ ಹತ್ತುತ್ತಾರೆ. ಸೌದೆಯ ಹೊರೆ ಮಗನ ಮೇಲೆ, ಬೆಂಕಿ ಮತ್ತು ಕತ್ತಿ ತಂದೆಯ ಕೈಯಲ್ಲಿ. ಆಗ ಮಗ ಕೇಳುತ್ತಾನೆ: ಬೆಂಕಿ ಇದೆ, ಸೌದೆ ಇದೆ, ಬಲಿಯ ಕುರಿ ಎಲ್ಲಿ ಎಂದು. ಅದನ್ನು ದೇವರೇ ನೋಡಿಕೊಳ್ಳುತ್ತಾನೆ ಎನ್ನುತ್ತಾರೆ ತಂದೆ. ಇಡೀ ಕಥೆಯಲ್ಲಿ ತಂದೆ ಮಗ ಮಾತನಾಡುವುದು ಇಷ್ಟೇ. ಮೇಲೆ ಹೋಗಿ ವೇದಿಕೆ ಕಟ್ಟಿ, ಸೌದೆ ಜೋಡಿಸಿ, ಮಗನನ್ನು ಕಟ್ಟಿ ಅದರ ಮೇಲೆ ಮಲಗಿಸಿ ಕತ್ತಿ ಎತ್ತುತ್ತಾರೆ. ದೇವದೂತನು ಎರಡು ಸಲ ಹೆಸರು ಹಿಡಿದು ಕೂಗಿ, ಹುಡುಗನ ಮೇಲೆ ಕೈ ಮಾಡಬೇಡ ಎನ್ನುತ್ತಾನೆ. ಪೊದೆಯಲ್ಲಿ ಕೊಂಬು ಸಿಕ್ಕಿಕೊಂಡ ಟಗರು ಕಾಣುತ್ತದೆ. ಮಗನ ಬದಲು ಅದು ಬಲಿಯಾಗುತ್ತದೆ.

ಇದನ್ನು ಯಹೂದಿಯರು 'ಅಕೇದಾ' ಎಂದು ಕರೆಯುತ್ತಾರೆ. ಹೀಬ್ರೂವಿನಲ್ಲಿ ಅದರ ಅರ್ಥ 'ಕಟ್ಟುವುದು' ಎಂದು ಮಾತ್ರ. ಬಲಿ ಎಂಬ ಹೆಸರನ್ನು ಅವರು ಇದಕ್ಕೆ ಕೊಡಲಿಲ್ಲ, ಏಕೆಂದರೆ ಮಗನ ಬಲಿ ನಡೆಯಲಿಲ್ಲ.

ಪವಿತ್ರ ಕುರ್‌ಆನ್‌ನಲ್ಲಿ ಇದೇ ಘಟನೆ ಸೂರಃ ಅಸ್ಸಾಫ್ಫಾತ್‌ನಲ್ಲಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಒಂದು ದೊಡ್ಡ ವ್ಯತ್ಯಾಸ ಕಾಣುತ್ತದೆ. ಆದಿಕಾಂಡದಲ್ಲಿ ಮಗನಿಗೆ ವಿಷಯ ಹೇಳಿರುವುದಿಲ್ಲ. ಕುರ್‌ಆನ್‌ನಲ್ಲಿ ತಂದೆ ತಾನು ಕಂಡ ಕನಸನ್ನು ಮಗನಿಗೆ ಹೇಳಿ, ನಿನ್ನ ಅಭಿಪ್ರಾಯವೇನು ಎಂದು ಕೇಳುತ್ತಾರೆ. ಮಗ ಒಪ್ಪಿಗೆ ಕೊಟ್ಟ ಮೇಲೆಯೇ ಇಬ್ಬರೂ ಶರಣಾಗುತ್ತಾರೆ. ಅಲ್ಲಿ ಶರಣಾಗತಿಯ ಕ್ರಿಯಾಪದ ದ್ವಿವಚನದಲ್ಲಿದೆ, ಅಂದರೆ ಅದು ತಂದೆ ಮಗ ಇಬ್ಬರದೂ ಹೌದು. ಆ ಭಾಗದಲ್ಲಿ ಮಗನ ಹೆಸರು ಇಲ್ಲ. ಅವರು ಇಸ್ಮಾಈಲ್(ಅ) ಎಂಬುದು ನಮ್ಮಲ್ಲಿ ಬಹುತೇಕರ ನಂಬಿಕೆ. ಆದರೆ ಕ್ರಿ.ಶ. 923ರಲ್ಲಿ ನಿಧನರಾದ ಮಹಾನ್ ವ್ಯಾಖ್ಯಾನಕಾರ ಇಮಾಮ್ ತಬರಿ ಎರಡೂ ಪಕ್ಷದ ವರದಿಗಳನ್ನು ದಾಖಲಿಸಿ, ಇಸ್‌ಹಾಕರ(ಅ) ಕಡೆಗೇ ಒಲವು ತೋರಿಸಿದ್ದಾರೆ. ಇಬ್ನು ಕಸೀರ್ ಇಸ್ಮಾಈಲರೇ ಎಂದು ವಾದಿಸಿದ್ದಾರೆ. ನಮ್ಮ ಹಿಂದಿನ ವಿದ್ವಾಂಸರು ಯಹೂದಿಯರ ಗ್ರಂಥದಲ್ಲಿ ಏನಿದೆ ಎಂದು ನೋಡಲು ಹೆದರಿದವರಲ್ಲ ಎಂಬುದಕ್ಕೆ ಈ ಚರ್ಚೆಯೇ ಸಾಕ್ಷಿ.

ಯಹೂದಿ ವಿದ್ವಾಂಸರೂ ಈ ಕಥೆಯನ್ನು ಕಣ್ಣುಮುಚ್ಚಿ ಒಪ್ಪಿಕೊಂಡು ಸುಮ್ಮನಾಗಲಿಲ್ಲ. ಮಗನ ವಯಸ್ಸಿನ ಬಗ್ಗೆಯೇ ಅವರಲ್ಲಿ ವಾದಗಳಿವೆ. ಮೊದಲ ಶತಮಾನದ ಇತಿಹಾಸಕಾರ ಜೋಸೆಫಸ್ 25 ಎನ್ನುತ್ತಾನೆ. ತಾಯಿ ಸಾರಾ 90ನೇ ವಯಸ್ಸಿನಲ್ಲಿ ಹೆತ್ತು 127ನೇ ವಯಸ್ಸಿನಲ್ಲಿ ತೀರಿಕೊಂಡರು ಎಂಬ ಲೆಕ್ಕದಿಂದ ಹಳೆಯ ರಬ್ಬಿಗಳು 37 ಎಂದರು. ಮಧ್ಯಯುಗದ ಇಬ್ನ್ ಎಜ್ರಾ ಸುಮಾರು 13 ಇರಬೇಕು ಎಂದ. ಲೆಕ್ಕಾಚಾರದ ಹಿಂದೆ ಇರುವುದು ನಿಜವಾಗಿ ಬೇರೆಯೇ ಪ್ರಶ್ನೆ. ಮಗ ದೊಡ್ಡವನಾಗಿದ್ದರೆ ಮುದುಕ ತಂದೆ ಅವನನ್ನು ಬಲವಂತದಿಂದ ಕಟ್ಟಲಾರ, ಹಾಗಾಗಿ ಅವನೇ ಒಪ್ಪಿರಬೇಕು. ಚಿಕ್ಕವನಾಗಿದ್ದರೆ ಅವನನ್ನು ಯಾರೂ ಕೇಳಲಿಲ್ಲ. ಕುರ್‌ಆನ್ ನೇರವಾಗಿ ಹೇಳುವ ಆ ಒಪ್ಪಿಗೆಯನ್ನು ಅವರು ವಯಸ್ಸಿನ ಲೆಕ್ಕದಲ್ಲಿ ಹುಡುಕುತ್ತಿದ್ದರು.

11ನೇ ಶತಮಾನದಲ್ಲಿ ಫ್ರಾನ್ಸ್‌ನಲ್ಲಿದ್ದ ರಾಶಿ ಎಂಬ ಪ್ರಸಿದ್ಧ ವ್ಯಾಖ್ಯಾನಕಾರ ಇನ್ನೊಂದು ವಿಷಯ ಗಮನಿಸುತ್ತಾನೆ. ಮೂಲದಲ್ಲಿ ದೇವರು 'ಕೊಯ್ಯು' ಎಂದಿಲ್ಲ, ಬಲಿಗಾಗಿ 'ಮೇಲಕ್ಕೆ ತಾ' ಎಂಬ ಅರ್ಥದ ಪದ ಬಳಸಿದ್ದಾನೆ. ಮೇಲೆ ತಂದಾಯಿತು, ಇನ್ನು ಇಳಿಸು ಎಂದ ಎನ್ನುವುದು ರಾಶಿಯ ವಿವರಣೆ. ಆತ ಉಲ್ಲೇಖಿಸುವ ಹಳೆಯ ಕಥನವೊಂದು ನನಗೆ ತುಂಬ ಇಷ್ಟವಾಯಿತು. ದೇವರು ನಿನ್ನ ಮಗ ಎಂದಾಗ ಇಬ್ರಾಹೀಮರು ತನಗೆ ಇಬ್ಬರು ಮಕ್ಕಳಿದ್ದಾರೆ ಎನ್ನುತ್ತಾರೆ. ಒಬ್ಬನೇ ಮಗ ಎಂದಾಗ, ಇಬ್ಬರೂ ತಮ್ಮ ತಮ್ಮ ತಾಯಿಗೆ ಒಬ್ಬನೇ ಎನ್ನುತ್ತಾರೆ. ನೀನು ಪ್ರೀತಿಸುವವನು ಎಂದಾಗ, ಇಬ್ಬರನ್ನೂ ಪ್ರೀತಿಸುತ್ತೇನೆ ಎನ್ನುತ್ತಾರೆ. ಆಮೇಲಷ್ಟೇ ಹೆಸರು ಬರುತ್ತದೆ. ಯಹೂದಿಯರ ಈ ಕಥನದಲ್ಲಿ ಇಸ್ಮಾಈಲರ ಮೇಲಿನ ತಂದೆಯ ಪ್ರೀತಿಗೆ ಸಿಕ್ಕಿರುವ ಜಾಗ ನೋಡಿ. ಅವರ ಹೊಸ ವರ್ಷದ ಹಬ್ಬ ರೋಶ್ ಹಶಾನಾದ ಎರಡನೇ ದಿನ ಈ ಅಧ್ಯಾಯವನ್ನು ಓದುತ್ತಾರೆ. ಮೊದಲನೇ ದಿನ ಓದುವ ಭಾಗದಲ್ಲಿ ಮರಳುಗಾಡಿನಲ್ಲಿ ನೀರಿಲ್ಲದೆ ಅತ್ತ ಹಾಜರಾ ಬೀವಿ(ಅ) ಮತ್ತು ಮಗು ಇಸ್ಮಾಈಲರ ಕಥೆ ಇದೆ. ಹಜ್ಜಿಗೆ ಹೋದವರು ಸಫಾ ಮರ್ವಾಗಳ ನಡುವೆ ಓಡಿ ನೆನೆಯುವುದೂ ಅದೇ ತಾಯಿಯನ್ನು.

ಇಷ್ಟಾದರೂ ಗೆಳತಿಯ ಪ್ರಶ್ನೆ ಹಾಗೇ ಉಳಿಯುತ್ತದೆ. ಜರ್ಮನಿಯ ತತ್ವಜ್ಞಾನಿ ಕಾಂಟ್ 1798ರಲ್ಲಿ ಅದನ್ನು ಅತ್ಯಂತ ಕಠಿಣವಾಗಿ ಕೇಳಿದ. ಮಗನನ್ನು ಕೊಲ್ಲಬಾರದು ಎಂಬುದು ಖಚಿತ, ಕೇಳಿಸಿದ ಧ್ವನಿ ದೇವರದೇ ಎಂಬುದು ಅಷ್ಟು ಖಚಿತವಲ್ಲ, ಹಾಗಾಗಿ ಇಬ್ರಾಹೀಮರು ಹಾಗೆಂದೇ ಉತ್ತರಿಸಬೇಕಿತ್ತು ಎಂಬುದು ಅವನ ವಾದ. 1843ರಲ್ಲಿ ಡೆನ್ಮಾರ್ಕಿನ ಕೀರ್ಕೆಗಾರ್ಡ್ ಈ ಘಟನೆಯ ಮೇಲೆಯೇ ಒಂದು ಪುಸ್ತಕ ಬರೆದ. ಅವನಿಗೆ ಇಬ್ರಾಹೀಮರ ಮೇಲೆ ಅಪಾರ ಗೌರವ. ಆದರೆ ಚರ್ಚಿನಲ್ಲಿ ಇದನ್ನು ಸಲೀಸಾಗಿ ಹೊಗಳಿ ಮುಗಿಸುವವರ ಮೇಲೆ ಅಷ್ಟೇ ಸಿಟ್ಟು. ಅವನು ಕೊಡುವ ಉದಾಹರಣೆ ಹೀಗಿದೆ: ಭಾನುವಾರದ ಪ್ರವಚನ ಕೇಳಿದ ಒಬ್ಬ ಮನೆಗೆ ಹೋಗಿ ತಾನೂ ಹಾಗೆಯೇ ಮಾಡಲು ಹೊರಟರೆ, ಅದೇ ಪ್ರವಚನಕಾರ ಓಡಿಬಂದು ಪಾಪಿ ಎಂದು ಬೈಯುತ್ತಾನೆ. ಹಾಗಾದರೆ ಬೆಳಿಗ್ಗೆ ಹೊಗಳಿದ್ದು ಏನನ್ನು?

ನಮ್ಮ ಧರ್ಮದಲ್ಲಿ ಇದಕ್ಕೆ ಒಂದು ಸ್ಪಷ್ಟ ಉತ್ತರವಿದೆ, ಆದರೆ ನಾವು ಅದನ್ನು ಸಾಕಷ್ಟು ಗಟ್ಟಿಯಾಗಿ ಹೇಳುತ್ತಿಲ್ಲ. ಪ್ರವಾದಿಗಳ ಕನಸು ದಿವ್ಯವಾಣಿಯ ಒಂದು ರೂಪ. ಉಳಿದವರ ಕನಸು ಕೇವಲ ಕನಸು. ಯಾರ ಕನಸೂ ಶರೀಅತ್ತಿನ ಆದೇಶವನ್ನು ಬದಲಿಸಲಾರದು ಎಂಬುದು ವಿದ್ವಾಂಸರ ಸರ್ವಸಮ್ಮತ ನಿಲುವು. ಪ್ರವಾದಿತ್ವ ಪ್ರವಾದಿ ಮುಹಮ್ಮದ್(ಸ)ರೊಂದಿಗೆ ಮುಗಿಯಿತು. ಆದ್ದರಿಂದ ಇಂದು ಯಾರಾದರೂ ತನಗೆ ಇಂಥ ಆಜ್ಞೆ ಬಂತು ಎಂದರೆ ನಾವು ಮಾಡಬೇಕಾದದ್ದು ಅವನ ಕೈಯಿಂದ ಕತ್ತಿ ಕಿತ್ತುಕೊಂಡು ಅವನನ್ನು ವೈದ್ಯರ ಬಳಿ ಕರೆದೊಯ್ಯುವುದು. ಇಂದಿನ ಮಟ್ಟಿಗೆ ಕಾಂಟ್ ಹೇಳಿದ್ದನ್ನೇ ಒಬ್ಬ ಮುಸ್ಲಿಮನೂ ಹೇಳುತ್ತಾನೆ, ಆದರೆ ಬೇರೆ ಕಾರಣದಿಂದ. ಇಬ್ರಾಹೀಮರ ಪರೀಕ್ಷೆ ಅವರೊಬ್ಬರದು. ಅದನ್ನು ನಕಲು ಮಾಡಲು ಯಾರಿಗೂ ಅನುಮತಿ ಇಲ್ಲ. ಆ ದಿನ ಅವರ ಎದೆಯಲ್ಲಿ ಏನಿತ್ತು ಎಂಬುದು ನನ್ನ ಅಳತೆಗೆ ಸಿಗುವುದಿಲ್ಲ, ಸಿಕ್ಕಿದೆ ಎಂದು ಹೇಳುವವರನ್ನು ನಾನು ಪೂರ್ತಿ ನಂಬುವುದೂ ಇಲ್ಲ.

ಹೀಬ್ರೂ ಗ್ರಂಥವೇ ಈ ವಿಷಯದಲ್ಲಿ ಕಟ್ಟುನಿಟ್ಟು. ಯಾಜಕಕಾಂಡ ಮತ್ತು ಧರ್ಮೋಪದೇಶಕಾಂಡಗಳು ಮಕ್ಕಳನ್ನು ಬಲಿ ಕೊಡುವುದನ್ನು ನಿಷೇಧಿಸುತ್ತವೆ. ಜೆರುಸಲೇಮಿನ ಪಕ್ಕದ ಹಿನ್ನೋಮ್ ಕಣಿವೆಯಲ್ಲಿ ಜನರು ಮಕ್ಕಳನ್ನು ಬೆಂಕಿಗೆ ಕೊಡುತ್ತಿದ್ದಾಗ ಪ್ರವಾದಿ ಯೆರೆಮೀಯ ದೇವರ ಹೆಸರಿನಲ್ಲಿ ಅವರನ್ನು ಖಂಡಿಸಿದರು: ದೇವರು ಅದನ್ನು ಆಜ್ಞಾಪಿಸಲಿಲ್ಲ, ಹೇಳಲಿಲ್ಲ, ಅದು ಅವನ ಮನಸ್ಸಿಗೂ ಬಂದಿರಲಿಲ್ಲ ಎಂಬುದು ಆ ಖಂಡನೆಯ ಸಾರ. ಯಹೂದಿಯರ ತಾಲ್ಮೂದ್ ಈ ಮೂರು ಮಾತುಗಳನ್ನು ಮೂರು ಘಟನೆಗಳಿಗೆ ಹೊಂದಿಸುತ್ತದೆ. ಆಜ್ಞಾಪಿಸಲಿಲ್ಲ ಎಂದದ್ದು ಯುದ್ಧದಲ್ಲಿ ಸೋಲುವಾಗ ಮಗನನ್ನು ಬಲಿ ಕೊಟ್ಟ ಮೋವಾಬಿನ ರಾಜನ ಬಗ್ಗೆ. ಹೇಳಲಿಲ್ಲ ಎಂದದ್ದು ಯೆಫ್ತಾಹನ ಬಗ್ಗೆ. ಮನಸ್ಸಿಗೂ ಬಂದಿರಲಿಲ್ಲ ಎಂದದ್ದು ಇಬ್ರಾಹೀಮರ ಮಗನ ಬಗ್ಗೆ. ಅಂದರೆ ಆ ಮಗ ಸಾಯಬೇಕೆಂದು ದೇವರು ಒಂದು ಕ್ಷಣವೂ ಬಯಸಿರಲಿಲ್ಲ.

ಈ ಯೆಫ್ತಾಹ ಯಾರು? ನಮ್ಮಲ್ಲಿ ಹೆಚ್ಚಿನವರು ಇವನ ಹೆಸರು ಕೇಳಿಲ್ಲ. ಅವನ ಕಥೆ 'ನ್ಯಾಯಸ್ಥಾಪಕರು' ಎಂಬ ಪುಸ್ತಕದ 11ನೇ ಅಧ್ಯಾಯದಲ್ಲಿದೆ. ಅವನು ಗಿಲ್ಯಾದಿನ ಯೋಧ. ಅಮ್ಮೋನಿಯರ ಮೇಲೆ ಯುದ್ಧಕ್ಕೆ ಹೋಗುವಾಗ ಅವನು ಒಂದು ಹರಕೆ ಹೊತ್ತ. ಗೆದ್ದು ಬಂದರೆ ತನ್ನ ಮನೆಯ ಬಾಗಿಲಿನಿಂದ ಎದುರಿಗೆ ಬರುವುದನ್ನು ದೇವರಿಗೆ ಬಲಿ ಕೊಡುತ್ತೇನೆ ಎಂದು. ಗೆದ್ದ. ಎದುರಿಗೆ ಬಂದದ್ದು ಅವನ ಒಬ್ಬಳೇ ಮಗಳು, ದಮ್ಮಡಿ ಬಾರಿಸಿ ಕುಣಿಯುತ್ತ. ಅವನು ಬಟ್ಟೆ ಹರಿದುಕೊಂಡು ಅತ್ತ, ಅಳುತ್ತಲೇ ನೀನು ನನ್ನನ್ನು ಕುಗ್ಗಿಸಿಬಿಟ್ಟೆ ಎಂದು ತಪ್ಪನ್ನು ಅವಳ ಮೇಲೆಯೇ ಹಾಕಿದ. ಅವಳು ಎರಡು ತಿಂಗಳ ಸಮಯ ಕೇಳಿ, ಗೆಳತಿಯರೊಡನೆ ಬೆಟ್ಟಗಳಲ್ಲಿ ಅಲೆದು ಅತ್ತು ಹಿಂದಿರುಗಿದಳು. ಹರಕೆಯಂತೆಯೇ ಅವನು ಮಾಡಿದ ಎಂದು ಗ್ರಂಥ ಹೇಳುತ್ತದೆ. ಅವಳನ್ನು ಕೊಲ್ಲಲಿಲ್ಲ, ಮದುವೆ ಇಲ್ಲದೆ ಒಂಟಿಯಾಗಿ ಇರಿಸಿದ ಎಂದು ಅರ್ಥ ಮಾಡಿದ ಯಹೂದಿ ವ್ಯಾಖ್ಯಾನಕಾರರೂ ಇದ್ದಾರೆ. ಏನೇ ಆಗಲಿ, ಅವಳ ಬದುಕು ಮುಗಿಯಿತು. ಗ್ರಂಥದಲ್ಲಿ ಅವಳ ಹೆಸರು ಕೂಡ ಇಲ್ಲ.

ಇಲ್ಲಿ ದೇವರು ಏನನ್ನೂ ಕೇಳಿರಲಿಲ್ಲ. ಹರಕೆ ಯೆಫ್ತಾಹನದು, ಕತ್ತಿ ಅವನದು, ದೇವರ ಹೆಸರು ಮಾತ್ರ ಸೇರಿಕೊಂಡಿತು. ಹಳೆಯ ರಬ್ಬಿಗಳು ಈ ಕಥೆಗೆ ಒಂದು ಕಹಿಯಾದ ಮಾತು ಸೇರಿಸಿದ್ದಾರೆ. ಆಗಿನ ಪ್ರಧಾನ ಯಾಜಕ ಫೀನೆಹಾಸನಿಗೆ ಆ ಹರಕೆಯನ್ನು ರದ್ದು ಮಾಡುವ ಅಧಿಕಾರವಿತ್ತಂತೆ. ಆದರೆ ನಾಯಕನಾದ ನಾನು ಅವನ ಬಳಿಗೆ ಹೋಗುವುದೇ ಎಂದು ಯೆಫ್ತಾಹ ಕೂತ. ಬೇಕಾದವನು ಅವನು, ಅವನೇ ಬರಲಿ ಎಂದು ಯಾಜಕ ಕೂತ. ಇವರಿಬ್ಬರ ಪ್ರತಿಷ್ಠೆಯ ನಡುವೆ ಹುಡುಗಿ ಹೋದಳು.

ಇದಕ್ಕೆ ಹತ್ತಿರದ ಒಂದು ಘಟನೆ ನಮ್ಮ ಸೀರಾ ಗ್ರಂಥಗಳಲ್ಲೂ ಇದೆ. ಪ್ರವಾದಿ(ಸ)ರ ಅಜ್ಜ ಅಬ್ದುಲ್ ಮುತ್ತಲಿಬರು, ತನಗೆ ಹತ್ತು ಗಂಡುಮಕ್ಕಳಾಗಿ ಅವರೆಲ್ಲ ಬೆಳೆದು ತನಗೆ ಬೆಂಬಲವಾಗಿ ನಿಂತರೆ ಒಬ್ಬನನ್ನು ಕಅಬಾದ ಬಳಿ ಬಲಿ ಕೊಡುತ್ತೇನೆ ಎಂದು ಹರಕೆ ಹೊತ್ತಿದ್ದರು ಎಂದು ಇಬ್ನು ಇಸ್‌ಹಾಕ್ ದಾಖಲಿಸಿದ್ದಾರೆ. ಬಾಣಗಳಿಂದ ಚೀಟಿ ಎತ್ತಿದಂತೆ ನೋಡಿದಾಗ ಬಂದದ್ದು ಅಬ್ದುಲ್ಲಾರ ಹೆಸರು. ಅಜ್ಜ ಕತ್ತಿ ಹಿಡಿದು ಮಗನನ್ನು ಕರೆದುಕೊಂಡು ಹೊರಟೇಬಿಟ್ಟರು. ಆದರೆ ಇಲ್ಲಿ ಜನ ಸುಮ್ಮನೆ ಕೂರಲಿಲ್ಲ. ಕುರೈಶರು ತಮ್ಮ ಸಭೆಗಳಿಂದ ಎದ್ದು ಬಂದು ಅಡ್ಡ ನಿಂತರು. ನೀವು ಹೀಗೆ ಮಾಡಿದರೆ ನಾಳೆ ಎಲ್ಲರೂ ಮಕ್ಕಳನ್ನು ಕೊಯ್ಯಲು ತರುತ್ತಾರೆ, ಆಮೇಲೆ ಜನ ಉಳಿಯುವುದು ಹೇಗೆ ಎಂದು ವಾದಿಸಿದರು. ತಾಯಿಯ ಕಡೆಯ ಮಖ್ಝೂಮ್ ಬಣದವರು, ನಮ್ಮ ಆಸ್ತಿ ಕೊಟ್ಟಾದರೂ ಬಿಡಿಸಿಕೊಳ್ಳುತ್ತೇವೆ ಎಂದರು. ಕೊನೆಗೆ ಹತ್ತು ಹತ್ತು ಒಂಟೆ ಏರಿಸುತ್ತ ಹೋಗಿ ನೂರು ಒಂಟೆಗಳಿಗೆ ಅಬ್ದುಲ್ಲಾ ಉಳಿದರು. ಅವರ ಮಗನೇ ನಮ್ಮ ಪ್ರವಾದಿ(ಸ).

ಮೊರೀಯದಲ್ಲಿ ತಂದೆಯ ಕೈ ತಡೆದದ್ದು ಆಕಾಶದಿಂದ ಬಂದ ಕರೆ. ಮಕ್ಕಾದಲ್ಲಿ ತಡೆದದ್ದು ನೆಂಟರು, ನೆರೆಹೊರೆಯವರು. ಅವರು ಆಗ ಇಸ್ಲಾಮ್ ಕೂಡ ಕಂಡಿರಲಿಲ್ಲ. ಗಿಲ್ಯಾದಿನಲ್ಲಿ ಯಾರೂ ತಡೆಯಲಿಲ್ಲ. ನನ್ನ ಅಭಿಪ್ರಾಯದಲ್ಲಿ, ದೇವರ ಭಯಂಕರ ಆಜ್ಞೆಯ ಈ ಕಥೆಯನ್ನು ಹೇಳುವಾಗ ಮೂರನ್ನೂ ಒಟ್ಟಿಗೆ ಹೇಳಬೇಕು. ಮೊದಲನೆಯದನ್ನು ಮಾತ್ರ, ಅದರಲ್ಲೂ ಕತ್ತಿ ಎತ್ತುವವರೆಗಿನ ಭಾಗವನ್ನು ಮಾತ್ರ ಹೇಳಿದಾಗ, ವಿಧೇಯತೆ ಎಂದರೆ ದೊಡ್ಡವರು ಎತ್ತಿದ ಕೈಯ ಕೆಳಗೆ ಚಿಕ್ಕವರು ಕುತ್ತಿಗೆ ಬಾಗಿಸುವುದು ಎಂಬ ಅರ್ಥ ಬಂದುಬಿಡುತ್ತದೆ.

ಹೀಗೆ ಅರ್ಥ ಮಾಡುವವರು ನಮ್ಮ ನಡುವೆಯೇ ಇದ್ದಾರೆ. ಎಸ್ಸೆಸ್ಸೆಲ್ಸಿ ಮುಗಿಸಿ ಗ್ರೂಪ್ ಆಯ್ಕೆ ಮಾಡುವಾಗ ಎಷ್ಟೋ ಮನೆಗಳಲ್ಲಿ ಈ ಕಥೆ ಬರುತ್ತದೆ. ಇಸ್ಮಾಈಲ್ ನೆಬಿ ತಂದೆಗಾಗಿ ಜೀವ ಕೊಡಲು ತಯಾರಾದರು, ನಿನಗೆ ಸೈನ್ಸ್ ತೆಗೆದುಕೊಳ್ಳಲು ಆಗುವುದಿಲ್ಲವೇ? ನನ್ನ ಜೊತೆ ಹತ್ತನೇ ತರಗತಿಯಲ್ಲಿದ್ದ ಒಬ್ಬಳು ಗಣಿತದಲ್ಲಿ ನಮ್ಮೆಲ್ಲರಿಗಿಂತ ಮುಂದಿದ್ದಳು. ಅವಳ ಓದು ಅಲ್ಲಿಗೇ ನಿಂತಿತು. ತಮ್ಮಂದಿರ ಫೀಸು, ಮನೆಯ ಪರಿಸ್ಥಿತಿ, ಬಂದಿರುವ ಸಂಬಂಧ ಎಂದು ಕಾರಣಗಳಿದ್ದವು, ಅವು ಸುಳ್ಳಲ್ಲ. ಆದರೆ ಅವಳನ್ನು ಸುಮ್ಮನಾಗಿಸಿದ್ದು ಆ ಕಾರಣಗಳಲ್ಲ. ಅಲ್ಲಾಹನಿಗಾಗಿ ಕುರ್ಬಾನಿ ಮಾಡು, ಇಸ್ಮಾಈಲರನ್ನು ನೋಡಿ ಕಲಿ ಎಂದು ಮನೆಗೆ ಬಂದ ಹಿರಿಯರೊಬ್ಬರು ಹೇಳಿದ ಮಾತು. ಬಡತನಕ್ಕೆ ಅವಳು ಉತ್ತರ ಹುಡುಕಬಹುದಿತ್ತು. ಸ್ಕಾಲರ್‌ಶಿಪ್ ಇತ್ತು, ಕೇಳಿದರೆ ನೆರವಾಗುವವರೂ ಇದ್ದರು. ಅಲ್ಲಾಹನ ಹೆಸರಿಗೆ ಒಬ್ಬ ಹದಿನಾರರ ಹುಡುಗಿ ಏನು ಉತ್ತರ ಕೊಡಬಲ್ಲಳು?

ಆ ಹಿರಿಯರಿಗೆ ಗೌರವದಿಂದಲೇ ನಾಲ್ಕು ಮಾತು ಹೇಳಲು ಇಷ್ಟಪಡುತ್ತೇನೆ.

ಒಂದು, ಇಸ್ಮಾಈಲರು ತಂದೆಗಾಗಿ ಕುತ್ತಿಗೆ ಕೊಡಲಿಲ್ಲ. ಅಲ್ಲಾಹನ ಆಜ್ಞೆ ಎಂದು ತಿಳಿದ ಮೇಲೆ ಒಪ್ಪಿದರು. ತಂದೆಯ ಇಷ್ಟವನ್ನು ಅಲ್ಲಾಹನ ಆಜ್ಞೆಯ ಜಾಗದಲ್ಲಿ ಇಡುವುದು ಬಹಳ ದೊಡ್ಡ ಮಾತು.

ಎರಡು, ಪ್ರವಾದಿಯಾಗಿದ್ದೂ ಇಬ್ರಾಹೀಮರು ಮಗನನ್ನು ಕೇಳಿದರು. ದಿವ್ಯವಾಣಿ ಬಂದವರೇ ಕೇಳಿದ ಮೇಲೆ, ದಿವ್ಯವಾಣಿ ಬಾರದ ನಾವು ಕೇಳದೆ ತೀರ್ಮಾನಿಸುವುದು ಹೇಗೆ?

ಮೂರು, ಇದೇ ಇಬ್ರಾಹೀಮರು ಲೂತರ(ಅ) ಜನರಿಗಾಗಿ ವಾದಿಸಿದವರು. ಆದಿಕಾಂಡದ 18ನೇ ಅಧ್ಯಾಯದಲ್ಲಿ, ಊರಿನಲ್ಲಿ 50 ಮಂದಿ ಒಳ್ಳೆಯವರಿದ್ದರೆ ಉಳಿಸುವೆಯಾ ಎಂದು ಶುರುಮಾಡಿ 10ಕ್ಕೆ ಇಳಿಸುವವರೆಗೆ ಅವರು ದೇವರೊಡನೆ ಚೌಕಾಸಿ ಮಾಡುತ್ತಾರೆ. ಸೂರಃ ಹೂದ್ ಕೂಡ ಅವರು ವಾದಿಸಿದ್ದನ್ನು ಹೇಳುತ್ತದೆ, ಹೇಳಿದ ಕೂಡಲೇ ಅವರನ್ನು ಸಹನಶೀಲರು, ಮೃದು ಹೃದಯದವರು ಎಂದು ಹೊಗಳುತ್ತದೆ. ಬೇರೆಯವರ ಜೀವಕ್ಕಾಗಿ ಕೇಳುವುದು, ವಾದಿಸುವುದು ಅವಿಧೇಯತೆಯಲ್ಲ ಎಂಬುದನ್ನು ನಾವು ಇಬ್ರಾಹೀಮರಿಂದಲೇ ಕಲಿಯಬೇಕು.

ನಾಲ್ಕು, ಇಬ್ರಾಹೀಮರು ಕೊಡಲು ಹೊರಟದ್ದು ಮುಪ್ಪಿನಲ್ಲಿ ಬೇಡಿ ಪಡೆದದ್ದನ್ನು, ತಮಗೆ ಅತ್ಯಂತ ಪ್ರಿಯವಾದದ್ದನ್ನು. ಇನ್ನೊಬ್ಬರ ಮಗಳ ಓದನ್ನು ಕೊಡು ಎಂದು ಹೇಳಲು ನಮಗೆ ಯಾವ ಖರ್ಚೂ ಇಲ್ಲ.

ಹಾಗಾದರೆ ಹಿರಿಯರ ಮಾತು ಕೇಳಬಾರದೇ ಎಂದು ಯಾರಾದರೂ ಕೇಳಬಹುದು. ನಾನು ಹೇಳುತ್ತಿರುವುದು ಅದಲ್ಲ. ಸೂರಃ ಲುಕ್ಮಾನ್ ತಾಯಿಯ ಬಳಲಿಕೆಯನ್ನು ನೆನಪಿಸಿ ತಂದೆತಾಯಿಗೆ ಕೃತಜ್ಞರಾಗಿರಲು ಹೇಳುತ್ತದೆ. ಅದರ ಮರುವಚನದಲ್ಲೇ ಅವರ ಮಾತಿಗೂ ಒಂದು ಮಿತಿ ಇದೆ ಎನ್ನುತ್ತದೆ, ಆ ಮಿತಿಯಾಚೆಗೂ ಅವರೊಡನೆ ಚೆನ್ನಾಗಿ ಬಾಳು ಎನ್ನುತ್ತದೆ. ನಮ್ಮ ತಂದೆತಾಯಂದಿರಲ್ಲಿ ಹೆಚ್ಚಿನವರು ನಮಗಾಗಿ ತಮ್ಮ ಬೇಕುಬೇಡಗಳನ್ನು ಬಿಟ್ಟವರು. ಗಲ್ಫಿನ ಬಿಸಿಲಲ್ಲಿ ವರ್ಷಗಟ್ಟಲೆ ದುಡಿದ ಅಪ್ಪಂದಿರ ಮಕ್ಕಳು ನಮ್ಮ ತರಗತಿಯಲ್ಲೇ ಇದ್ದಾರೆ. ಅವರ ಮಾತಿಗೆ ಬೆಲೆ ಕೊಡಲು ನಮಗೆ ಇಸ್ಮಾಈಲರ ಕುತ್ತಿಗೆಯನ್ನು ತೋರಿಸಿ ಹೆದರಿಸಬೇಕಾಗಿಲ್ಲ. ನಮ್ಮಲ್ಲಿ ದುಡ್ಡಿಲ್ಲ ಮಗಳೇ, ಏನು ಮಾಡೋಣ ಹೇಳು ಎಂದರೆ ಸಾಕು. ಆ ಮಾತಿನಲ್ಲಿ ನಿನ್ನ ಅಭಿಪ್ರಾಯವೇನು ಎಂಬ ಇಬ್ರಾಹೀಮರ ಪ್ರಶ್ನೆಯೂ ಸೇರಿದೆ.

ನಂಬಿಕೆಯಿಂದ ಭಯವನ್ನು ಪೂರ್ತಿ ತೆಗೆದುಹಾಕಬೇಕು ಎಂದೂ ನಾನು ವಾದಿಸುತ್ತಿಲ್ಲ. ಅಲ್ಲಾಹನು ನಮ್ಮಿಂದ ಕಷ್ಟದ್ದನ್ನು ಕೇಳಬಹುದು. ಸತ್ಯ ಹೇಳಿ ಗೆಳೆತನ ಕಳೆದುಕೊಳ್ಳುವುದು, ಹರಾಮಿನ ಲಾಭ ಬಿಡುವುದು, ಎಲ್ಲರೂ ಸುಮ್ಮನಿರುವಾಗ ಒಬ್ಬರೇ ಎದ್ದು ನಿಲ್ಲುವುದು, ಇವೆಲ್ಲ ಹೆದರಿಕೆಯ ಕೆಲಸಗಳೇ. ಅಂಥ ಆಜ್ಞೆಗಳಲ್ಲಿ ನೋವು ಮೊದಲು ಪಾಲಿಸುವವನಿಗೇ ತಾಗುತ್ತದೆ. ಯಾವ ಆಜ್ಞೆಯಲ್ಲಿ ಹೇಳುವವನಿಗೆ ಏನೂ ಆಗದೆ ಪೂರ್ತಿ ನೋವು ಇನ್ನೊಬ್ಬರ ಪಾಲಿಗೆ ಬರುತ್ತದೋ, ಅದನ್ನು ದೇವರದು ಎಂದು ಒಪ್ಪುವ ಮೊದಲು ಹತ್ತು ಸಲ ವಿಚಾರಿಸಬೇಕು. ಸೃಷ್ಟಿಕರ್ತನ ಆಜ್ಞೆ ಮೀರುವ ವಿಷಯದಲ್ಲಿ ಸೃಷ್ಟಿಯ ಯಾರಿಗೂ ವಿಧೇಯತೆ ಇಲ್ಲ ಎಂಬ ತತ್ವವನ್ನು ನಾವೆಲ್ಲ ಮದ್ರಸದಲ್ಲಿ ಕಲಿತಿದ್ದೇವೆ. ಅದನ್ನು ಪರೀಕ್ಷೆಗೆ ಬರೆದು ಮರೆತುಬಿಡಬಾರದು.

ಯೆಫ್ತಾಹನ ಮಗಳ ಕಥೆಯ ಕೊನೆಯ ಸಾಲಿನಲ್ಲಿ ಒಂದು ಸಣ್ಣ ವಿವರವಿದೆ. ಅವಳ ಬಳಿಕ ಇಸ್ರಾಯೇಲಿನ ಹೆಣ್ಣುಮಕ್ಕಳು ವರ್ಷಕ್ಕೆ ನಾಲ್ಕು ದಿನ ಅವಳ ನೆನಪಿಗಾಗಿ ಹೊರಟುಹೋಗುತ್ತಿದ್ದರಂತೆ. ಒಳ್ಳೆಯ ಗೆಳತಿಯರು. ಆದರೆ ಆ ಎರಡು ತಿಂಗಳು ಅವಳೊಡನೆ ಬೆಟ್ಟದಲ್ಲಿ ಅಲೆಯುವ ಬದಲು ಅವರು ಊರಿಗೆ ಇಳಿದು ಫೀನೆಹಾಸನ ಬಾಗಿಲು ಬಡಿದಿದ್ದರೆ ಎಂದು ನನಗೆ ಓದಿದಾಗಲೆಲ್ಲ ಅನಿಸುತ್ತದೆ.

ಈ ವರ್ಷ ನಮ್ಮ ಕಾಲೇಜಿನಿಂದಲೂ ಯಾರಾದರೂ ಮಧ್ಯದಲ್ಲಿ ನಿಲ್ಲಬಹುದು. ಹಾಜರಿ ಪುಸ್ತಕದಲ್ಲಿ ಒಂದು ಹೆಸರು ಕರೆಯುವುದು ನಿಂತಾಗ, ಅವಳ ಹಣೆಬರಹ ಎಂದೋ ಮನೆಯವರ ಇಷ್ಟ ಎಂದೋ ಹೇಳಿ ಮುಂದಿನ ಹೆಸರಿಗೆ ಹೋಗುವುದು ಬೇಡ. ತರಗತಿಯ ಉಪನ್ಯಾಸಕರಿಗೆ ಹೇಳೋಣ, ಪ್ರಾಂಶುಪಾಲರಿಗೆ ಹೇಳೋಣ, ಜಮಾಅತಿನಲ್ಲಿ ಮಾತು ನಡೆಯುವವರಿದ್ದರೆ ಅವರ ಮನೆಗೆ ಹೋಗಿ ಹೇಳೋಣ. ಹದಿನೆಂಟು ತುಂಬದವಳ ಮದುವೆ ಗೊತ್ತಾಗಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಖುತ್ಬಾ ಹೇಳುವ ಉಸ್ತಾದರಲ್ಲಿ ನನ್ನದೊಂದು ವಿನಂತಿ: ಈ ಬಕ್ರೀದಿಗೆ ಇಸ್ಮಾಈಲರ ಸಹನೆಯ ಬಗ್ಗೆ ಎಷ್ಟು ಹೊತ್ತು ಮಾತನಾಡುತ್ತೀರೋ, ಮಗನ ಅಭಿಪ್ರಾಯ ಕೇಳಿದ ತಂದೆಯ ಬಗ್ಗೆಯೂ ಅಷ್ಟೇ ಹೊತ್ತು ಮಾತನಾಡಿ. ಕೆಳಗೆ ಕೂತು ಕೇಳುವವರಲ್ಲಿ ತಂದೆಯರೂ ಇರುತ್ತಾರೆ.